2020, 2021ರ ಲಾಕ್‌ಡೌನ್ ಪರಿಹಾರ: ಒಂದೇ ಊರಲ್ಲಿ ಕೆಲವರಿಗೆ ಬಂತು, ಕೆಲವರಿಗೆ ಬರಲಿಲ್ಲ. ಯಾಕೆ?

ಚೆಂಡುಹೂ_ಸಂಘ:

ಎಲ್ಲರಿಗೂ ನಮಸ್ಕಾರ. ನಮ್ಮ ರೈತ ಉತ್ಪಾದಕ ಕಂಪನಿಯಲ್ಲಿ ಹೂವು, ತರಕಾರಿ, ಕಲ್ಲಂಗಡಿ ಬೆಳೆಯುವವರೇ ಜಾಸ್ತಿ. ಕೊರೊನಾ ಕಾಲದಲ್ಲಿ ರಾಜ್ಯ ಸರ್ಕಾರ ಕೊಟ್ಟ ಪರಿಹಾರ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅಂತ ಪಟ್ಟಿ ಮಾಡ್ತಿದ್ದೀವಿ. ಮುಂದೆ ಇಂಥದ್ದೇ ಪ್ಯಾಕೇಜ್ ಬಂದರೆ ಸದಸ್ಯರ ಕಾಗದಪತ್ರ ಸರಿ ಇರಬೇಕು ಅನ್ನೋದು ಉದ್ದೇಶ. ಈ ಐದು ಸಂದರ್ಭ ನಮಗೆ ಬಗೆಹರಿಯುತ್ತಿಲ್ಲ:

1. ಸೇವಂತಿಗೆ 1 ಎಕರೆ 20 ಗುಂಟೆ. 2020ರಲ್ಲಿ ಹದಿನೈದು ಸಾವಿರ ಚಿಲ್ಲರೆ ಬಂದಿದೆ, 2021ರಲ್ಲಿ ಆರು ಸಾವಿರ ಚಿಲ್ಲರೆ. ಪಕ್ಕದ ಹೊಲದವರದ್ದು 4 ಎಕರೆ ಹೂವು, ಅವರಿಗೆ ಬಂದದ್ದು 25,000 ಮಾತ್ರ.
2. ಕಲ್ಲಂಗಡಿ 2 ಎಕರೆ, ಹೊಲದಲ್ಲೇ ಕೊಳೆಯಿತು. ಒಂದು ರೂಪಾಯಿಯೂ ಇಲ್ಲ.
3. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲಿದೆ. ಬೆಳೆ ಸಮೀಕ್ಷೆಯಲ್ಲಿ ಹೂವು ದಾಖಲಾಗಿದೆ, ದುಡ್ಡು ಇಲ್ಲ.
4. ಗುತ್ತಿಗೆಗೆ ಹಿಡಿದು ಟೊಮೆಟೊ ಹಾಕಿದವರು. ಪರಿಹಾರ ಜಮೀನಿನ ಮಾಲೀಕರಿಗೆ ಹೋಗಿದೆ.
5. ಇಲಾಖೆ ಪಟ್ಟಿಯಲ್ಲಿ 'ಪಾವತಿ' ಅಂತಿದೆ, ಪಾಸ್‌ಬುಕ್‌ನಲ್ಲಿ ಇಲ್ಲ.

ಗೊತ್ತಿರುವವರು ಒಂದೊಂದಾಗಿ ಬಿಡಿಸಿ ಹೇಳಿ.

---

ಗುಂಟೆಲೆಕ್ಕ:

ಮೊದಲನೆಯದು ಬರೀ ಲೆಕ್ಕದ ವಿಷಯ, ಅದನ್ನು ಮುಗಿಸಿಬಿಡೋಣ.

2020ರ ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಘೋಷಿಸಿದ 1,610 ಕೋಟಿ ರೂ. ಪ್ಯಾಕೇಜ್‌ನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂ. ಇತ್ತು, ಒಬ್ಬ ರೈತನಿಗೆ ಒಂದು ಹೆಕ್ಟೇರ್ ಮಿತಿ. ರಾಜ್ಯದಲ್ಲಿ 11,687 ಹೆಕ್ಟೇರ್‌ನಲ್ಲಿ ಹೂವು ಬೆಳೆದಿದ್ದಾರೆ ಅಂತ ಅಂದಾಜು ಮಾಡಿದ್ದರು. ಅದೇ ತಿಂಗಳ ನಡುವಿನಲ್ಲಿ ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000 ರೂ. ಘೋಷಣೆ ಆಯಿತು, ಇದಕ್ಕೂ ಒಂದು ಹೆಕ್ಟೇರ್ ಮಿತಿ. ತರಕಾರಿ 50,083 ಹೆಕ್ಟೇರ್, ಹಣ್ಣು 41,054 ಹೆಕ್ಟೇರ್ ಸೇರಿ ಸುಮಾರು 137 ಕೋಟಿ ರೂ. 2021ರ ಮೇ 19ರ 1,250 ಕೋಟಿ ಪ್ಯಾಕೇಜ್‌ನಲ್ಲಿ ಹೂವಿಗೂ ಹಣ್ಣು ತರಕಾರಿಗೂ ಒಂದೇ ದರ, ಹೆಕ್ಟೇರಿಗೆ 10,000 ರೂ., ಮಿತಿ ಮತ್ತೆ ಒಂದೇ ಹೆಕ್ಟೇರ್.

ಒಂದು ಹೆಕ್ಟೇರ್ ಅಂದರೆ 2 ಎಕರೆ 19 ಗುಂಟೆಗೆ ಒಂಚೂರು ಕಮ್ಮಿ. ಹಾಗಾಗಿ ಗುಂಟೆಗೆ ಹೆಚ್ಚೂಕಮ್ಮಿ ಹೀಗೆ ಬೀಳುತ್ತೆ: 2020ರ ಹೂವಿಗೆ 253 ರೂ., 2020ರ ಹಣ್ಣು ತರಕಾರಿಗೆ 152 ರೂ., 2021ರಲ್ಲಿ ಯಾವುದಕ್ಕಾದರೂ 101 ರೂ. ನಿಮ್ಮ ಸೇವಂತಿಗೆಯವರದ್ದು 60 ಗುಂಟೆ, 0.607 ಹೆಕ್ಟೇರ್. 2020ಕ್ಕೆ 15,176 ರೂ., 2021ಕ್ಕೆ 6,070 ರೂ. ಸರಿಯಾಗೇ ಬಂದಿದೆ. 4 ಎಕರೆಯವರು ಮಿತಿಗೆ ಸಿಕ್ಕಿಕೊಂಡರು, ಅದಕ್ಕೇ 25,000ಕ್ಕೆ ನಿಂತಿತು.

ಮೊತ್ತ ತಾಳೆ ನೋಡುವಾಗ ಪಹಣಿಯ ಒಟ್ಟು ವಿಸ್ತೀರ್ಣ ಹಿಡಿದು ಗುಣಿಸಬೇಡಿ. ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆಯಬೇಕು, ಆಮೇಲೆ ಆ ಹಂಗಾಮಿನ ಸಮೀಕ್ಷೆಯಲ್ಲಿ ಹೂವು ಅಂತ ಎಷ್ಟು ಗುಂಟೆ ಬರೆದಿದ್ದಾರೋ ಅಷ್ಟೇ ಲೆಕ್ಕ. "ನಂದು ಎರಡು ಎಕರೆ, ಅರ್ಧ ದುಡ್ಡು ಹಾಕಿದ್ದಾರೆ" ಅನ್ನೋ ತಕರಾರುಗಳಲ್ಲಿ ಬಹಳಷ್ಟು ಇಲ್ಲೇ ಇತ್ಯರ್ಥ ಆಗುತ್ತವೆ.

ಇನ್ನೊಂದು ಗೊಂದಲ. 2020ರ ಏಪ್ರಿಲ್‌ನಲ್ಲಿ ಬಂದ 2,000 ರೂ. ಈ ಪರಿಹಾರ ಅಲ್ಲ, ಅದು ಪಿಎಂ ಕಿಸಾನ್‌ನ ಮಾಮೂಲಿ ಕಂತು, ಲಾಕ್‌ಡೌನ್ ಅಂತ ಬೇಗ ಹಾಕಿದ್ದು. ಹೆಣ್ಣುಮಕ್ಕಳ ಜನಧನ್ ಖಾತೆಗೆ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ ಬಂದ 500 ರೂ. ಕೂಡ ಬೇರೆ ಲೆಕ್ಕ. ಪಟ್ಟಿ ಮಾಡುವಾಗ ಈ ಎರಡನ್ನೂ ಬೇರೆ ಕಾಲಂಗೆ ಹಾಕಿ. ಇಲ್ಲದಿದ್ದರೆ 'ಬಂದಿದೆ' ಅನ್ನೋರ ಸಂಖ್ಯೆ ಸುಮ್ಮನೆ ಜಾಸ್ತಿ ಕಾಣುತ್ತೆ.

---

ಪಹಣಿ_ಕಾಲಂ9:

ಗುಂಟೆಲೆಕ್ಕ ಸರ್ ಹೇಳಿದ್ದಕ್ಕೆ ಸೇರಿಸಿ 2 ಮತ್ತು 3ನೇ ಪ್ರಶ್ನೆಗೆ.

ಈ ಪ್ಯಾಕೇಜ್ ಯಾಕೆ ಬೇಕಾಯಿತು ಅಂತ ತಿಳಿದರೆ ಅರ್ಧ ವಿಷಯ ಅರ್ಥ ಆಗುತ್ತೆ. ಮಳೆ, ಬರಕ್ಕೆ ಕೊಡುವ ಬೆಳೆ ಪರಿಹಾರ ವಿಪತ್ತು ನಿಧಿಯದ್ದು. ಅದಕ್ಕೆ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ಆಗಿನ ದರ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 6,800, ನೀರಾವರಿಗೆ 13,500, ಬಹುವಾರ್ಷಿಕಕ್ಕೆ 18,000 ರೂ., ಮಿತಿ ಎರಡು ಹೆಕ್ಟೇರ್. ಲಾಕ್‌ಡೌನ್‌ನಲ್ಲಿ ಬೆಳೆ ಹಾಳಾಗಿರಲಿಲ್ಲ, ಮಾರುಕಟ್ಟೆ ಮುಚ್ಚಿತ್ತು. 2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ದೇಶಕ್ಕೆ ಬೀಗ ಬಿದ್ದದ್ದೂ ಅವತ್ತೇ. ಹಬ್ಬಕ್ಕೆ ಅಂತ ಬಿಟ್ಟಿದ್ದ ಸೇವಂತಿಗೆ, ಚೆಂಡುಹೂ ಗಿಡದಲ್ಲಿ ಚೆನ್ನಾಗೇ ಇದ್ದವು, ಕೊಳ್ಳುವವರಿಲ್ಲ. ವಿಪತ್ತು ನಿಧಿಯ ನಿಯಮದಲ್ಲಿ ಇದಕ್ಕೆ ಜಾಗ ಇಲ್ಲ, ಬೆಳೆ ವಿಮೆಯಲ್ಲೂ ಇಲ್ಲ. ಅದಕ್ಕೇ ರಾಜ್ಯ ತನ್ನ ಖಜಾನೆಯಿಂದ ಪ್ರತ್ಯೇಕ ಆದೇಶ ಮಾಡಿ ಕೊಡಬೇಕಾಯಿತು.

ಹೊಲದಲ್ಲಿ ನಷ್ಟ ಕಣ್ಣಿಗೆ ಕಾಣದಿದ್ದರೆ ಯಾರಿಗೆ ಅಂತ ಕೊಡೋದು? ಆಗ ಕೈಗೆ ಸಿಕ್ಕ ದಾಖಲೆ ಬೆಳೆ ಸಮೀಕ್ಷೆ. ಅದರಲ್ಲಿ ನಿಮ್ಮ ಸರ್ವೆ ನಂಬರಿಗೆ ಹೂವು ಅಂತ ಇದ್ದರೆ ಹೂವು, ರಾಗಿ ಅಂತ ಇದ್ದರೆ ರಾಗಿ. ಎಷ್ಟು ನಷ್ಟ ಆಯಿತು ಅಂತ ಕೇಳಿ ಕೊಟ್ಟ ದುಡ್ಡಲ್ಲ ಇದು. ಮೊದಲೇ ಏನು ಬರೆದಿತ್ತು ಅಂತ ನೋಡಿ ಕೊಟ್ಟದ್ದು. ಪಾಲಿಹೌಸ್‌ನ ಜರ್ಬೆರಾಕ್ಕೂ ಬಯಲಿನ ಕನಕಾಂಬರಕ್ಕೂ ಹೆಕ್ಟೇರಿಗೆ ಒಂದೇ ದರ ಯಾಕೆ ಅನ್ನೋದಕ್ಕೂ ಉತ್ತರ ಅದರಲ್ಲೇ ಇದೆ. ಸಮೀಕ್ಷೆಯಲ್ಲಿ ಬೆಳೆಯ ಹೆಸರೂ ವಿಸ್ತೀರ್ಣವೂ ಇರುತ್ತವೆ, ಖರ್ಚು ಇರೋದಿಲ್ಲ.

ಕಲ್ಲಂಗಡಿಯವರ ಕಥೆ ಆದದ್ದು ಇಲ್ಲೇ. ಕಲ್ಲಂಗಡಿ ಎರಡೂವರೆ ಮೂರು ತಿಂಗಳ ಬೆಳೆ. ಜನವರಿ ಕೊನೆಗೆ ಬೀಜ ಊರಿದರೆ ಏಪ್ರಿಲ್‌ಗೆ ಕಾಯಿ. ಮುಂಗಾರು ಸಮೀಕ್ಷೆಯಲ್ಲಿ ಆ ಹೊಲ ರಾಗಿಯೋ ಶೇಂಗಾವೋ ಆಗಿರುತ್ತೆ, ಹಿಂಗಾರಿನಲ್ಲಿ ಬೀಳು ಅಂತ ಆಗಿರುತ್ತೆ. ಬೇಸಿಗೆ ಹಂಗಾಮನ್ನು ಮುತುವರ್ಜಿಯಿಂದ ದಾಖಲಿಸಿದ ಊರುಗಳಲ್ಲಿ ಹೆಸರು ಬಂತು, ಉಳಿದ ಕಡೆ ಬಿಟ್ಟುಹೋಯಿತು. ಹೀಗೆ ಬಿಟ್ಟುಹೋದವರಿಂದ ತೋಟಗಾರಿಕೆ ಇಲಾಖೆ ಅರ್ಜಿ ತೆಗೆದುಕೊಂಡಿತ್ತು. ಆದರೆ ಪರಿಶೀಲನೆಗೆ ಬರುವ ಹೊತ್ತಿಗೆ ಬಳ್ಳಿ ಒಣಗಿ ಉತ್ತೂ ಆಗಿರುತ್ತೆ, ತೋರಿಸೋದೇನು? ಅಂಥ ಹೊತ್ತಲ್ಲಿ ಕೈಹಿಡಿಯುವುದು ಇಷ್ಟೇ: ದಿನಾಂಕ, ಜಿಪಿಎಸ್ ಬಿದ್ದ ಫೋಟೊ, ಸರ್ವೆ ನಂಬರ್ ಬರೆಸಿದ ಬೀಜದ ಅಥವಾ ನರ್ಸರಿ ಬಿಲ್ಲು, ಹನಿ ಪೈಪು, ಮಲ್ಚಿಂಗ್ ಹಾಳೆಯ ಬಿಲ್ಲು, ಒಂದೆರಡು ಲೋಡಾದರೂ ಮಂಡಿಗೆ ಹೋಗಿದ್ದರೆ ಅದರ ಮಾರಾಟದ ಪಟ್ಟಿ. ಮಂಡಿಯವರು ಕೊಡುವ ಬಿಳಿ ಚೀಟಿ ಲೆಕ್ಕಕ್ಕೆ ಬರೋದಿಲ್ಲ. ಹೆಸರು, ದಿನಾಂಕ, ತೂಕ ಬರೆದ ಅಧಿಕೃತ ಪಟ್ಟಿ ಕೇಳಿ ಪಡೆಯಿರಿ.

ಬೆಳೆಯೂ ಪಟ್ಟಿಯಲ್ಲಿರಬೇಕು, ಮರೆಯಬೇಡಿ. 2020ರಲ್ಲಿ ಟೊಮೆಟೊ, ಹಸಿಮೆಣಸಿನಕಾಯಿ, ಎಲೆಕೋಸು, ಹೂಕೋಸು, ಕುಂಬಳ, ಕ್ಯಾರೆಟ್, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಹಣ್ಣಿನಲ್ಲಿ ಬಾಳೆ, ಪಪ್ಪಾಯ, ದ್ರಾಕ್ಷಿ, ಅಂಜೂರ, ಅನಾನಸ್, ಕಲ್ಲಂಗಡಿ, ಕರಬೂಜ, ಹೀಗೆ ಹೆಸರು ಹಿಡಿದೇ ಆದೇಶ ಆಗಿತ್ತು. 'ತರಕಾರಿ' ಅಂತ ಮೊಗಮ್ಮಾಗಿ ಬರೆಸಿದರೆ ಕೆಲಸಕ್ಕೆ ಬಾರದು.

ಅಂತರ ಬೆಳೆಯದ್ದು ಇನ್ನೊಂದು ತಾಪತ್ರಯ. ತೆಂಗಿನ ಸಾಲಿನ ನಡುವೆ ಚೆಂಡುಹೂ ಇದ್ದರೆ ಸಮೀಕ್ಷೆ ಮಾಡುವವರು ತೆಂಗು ಅಂತ ಪೂರ್ತಿ ವಿಸ್ತೀರ್ಣ ಬರೆದು ಮುಂದೆ ಹೋಗುತ್ತಾರೆ. ಆ್ಯಪ್‌ನಲ್ಲಿ ಮಿಶ್ರ ಬೆಳೆ ಹಾಕಲು ಅವಕಾಶ ಇದೆ, ಹಾಕಿಸಬೇಕು ಅಷ್ಟೇ. ದಾಖಲಾದದ್ದು ಏನು ಅಂತ 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ಸರ್ವೆ ನಂಬರ್ ಕೊಟ್ಟು ನೋಡಬಹುದು, ಫೋಟೊ ಸಹಿತ ಕಾಣುತ್ತೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಬೆಳೆ ಹೊಲದಲ್ಲಿರುವಾಗಲೇ ಹಾಕಬೇಕು, ಕಟಾವಾದ ಮೇಲೆ ಯಾರೂ ಮರುಪರಿಶೀಲನೆಗೆ ಬರೋದಿಲ್ಲ.

3ನೇ ಪ್ರಶ್ನೆ. ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರ್ ಇರುತ್ತೆ, ಆಧಾರ್ ಇರೋದಿಲ್ಲ. ಎರಡಕ್ಕೂ ಗಂಟು ಹಾಕೋದು 'ಫ್ರೂಟ್ಸ್' ತಂತ್ರಾಂಶ, ಅಂದರೆ ರೈತರ 16 ಅಕ್ಷರದ ಗುರುತಿನ ಸಂಖ್ಯೆ, ಎಫ್‌ಐಡಿ. ಮಾಲೀಕರ ಹೆಸರಿರುವ ಪಹಣಿ 9ನೇ ಕಾಲಂನಲ್ಲಿ ತೀರಿಕೊಂಡವರ ಹೆಸರೇ ಇದ್ದರೆ ಆ ಜಮೀನನ್ನು ಮಗನ ಎಫ್‌ಐಡಿಗೆ ಸೇರಿಸಲು ಬರೋದಿಲ್ಲ. ಸಮೀಕ್ಷೆಯಲ್ಲಿ ಹೂವು ಇದ್ದರೂ ದುಡ್ಡಿಗೆ ವಿಳಾಸ ಇಲ್ಲ. ದಾರಿ ಒಂದೇ, ಪೌತಿ ಖಾತೆ, ಅಂದರೆ ಜಮೀನನ್ನು ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಮಾಡಿಸೋದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಹಿಡಿದು ನಾಡಕಚೇರಿಯಲ್ಲಿ ಅರ್ಜಿ, ನೋಟಿಸ್ ಅವಧಿಯಲ್ಲಿ ತಕರಾರು ಬರದಿದ್ದರೆ ಮ್ಯುಟೇಶನ್. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಹೊಸ ಪಹಣಿಯನ್ನು ಎಫ್‌ಐಡಿಗೆ ಸೇರಿಸಿಕೊಳ್ಳಬೇಕು. ಈ ಕೊನೆಯ ಹೆಜ್ಜೆ ಬಿಟ್ಟವರು ತುಂಬಾ ಜನ. ಖಾತೆ ಆದ ತಕ್ಷಣ ಎಲ್ಲಾ ಕಡೆ ತಾನಾಗಿ ಬದಲಾಗುತ್ತೆ ಅಂದುಕೊಳ್ಳಬೇಡಿ.

ಜಂಟಿ ಖಾತೆ ಇದ್ದರೆ ಮೊದಲು 9ನೇ ಕಾಲಂ ನೋಡಿ. ಒಬ್ಬೊಬ್ಬರ ಹೆಸರಿನ ಮುಂದೆ ವಿಸ್ತೀರ್ಣ ಬೇರೆ ಬೇರೆ ಇದ್ದರೆ ಅವರವರ ಪಾಲು ಅವರವರಿಗೆ. ಒಟ್ಟಿಗೆ ಬರೆದಿದ್ದರೆ ಉಳಿದವರ ಒಪ್ಪಿಗೆ ಪತ್ರ ಬೇಕಾಗುತ್ತೆ. ಅದನ್ನು ಜಗಳ ಇಲ್ಲದ ಕಾಲದಲ್ಲಿ ಮಾಡಿಸಿಟ್ಟುಕೊಳ್ಳೋದು ವಾಸಿ.

---

ಹಾವೇರಿ_ಗೋವಿನಜೋಳ:

ಎಲ್ಲರೂ ಹೂವು, ತರಕಾರಿ ಅಂತೀರಿ, ನಮ್ಮ ಕಡೀದು ಒಂದ್ ಮಾತು. ಗೋವಿನಜೋಳಕ್ಕ (ಮೆಕ್ಕೆಜೋಳ) 2020ರ ಮೇ ತಿಂಗಳದಾಗ ಬ್ಯಾರೆ ಘೋಷಣಾ ಆತು: ರೈತರಿಗೆ ತಲಾ 5,000 ರೂ., ಹತ್ತು ಲಕ್ಷ ರೈತರು, 500 ಕೋಟಿ. ಇದು ಹೆಕ್ಟೇರ್ ಲೆಕ್ಕ ಅಲ್ರೀ. ಒಂದ್ ಎಕರೆ ಇದ್ದವರಿಗೂ 5,000, ಹತ್ತ್ ಎಕರೆ ಇದ್ದವರಿಗೂ 5,000.

ಕಾರಣ ಬೆಲೆ. ಕೋಳಿ ತಿಂದ್ರ ಕೊರೊನಾ ಬರತದ ಅಂತ ಸುಳ್ಳು ಸುದ್ದಿ ಹಬ್ಬಿ ಕೋಳಿ ಫಾರ್ಮಿನವರು ಮಣ್ಣು ಹಿಡಿದ್ರು, ಅವರ ಹಿಂದ ಗೋವಿನಜೋಳದ ಬೆಲೀನೂ ಬಿತ್ತು. ಆ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 1,760 ರೂ., ಮಾರುಕಟ್ಟ್ಯಾಗ ಅಷ್ಟು ಕೊಡೋರು ಇರಲಿಲ್ಲ. ಐದು ಸಾವಿರ ಅಂದ್ರ ಬೆಂಬಲ ಬೆಲೀ ಲೆಕ್ಕದಾಗ ಮೂರು ಕ್ವಿಂಟಲ್‌ಗೂ ಕಮ್ಮಿ. ಸಣ್ಣ ಹಿಡುವಳಿಗೆ ಆಸರ ಆತು, ದೊಡ್ಡ ಹೊಲದವರಿಗೆ ಗೊಬ್ಬರದ ಬಾಕಿನೂ ತೀರಲಿಲ್ಲ. ಆದ್ರೂ ತಲಾ ಇಷ್ಟು ಅಂತ ಕೊಟ್ಟದ್ದ ಛಲೋ ಅಂತ ನನ್ನ ಅಭಿಪ್ರಾಯ. ಗುಂಟೆ ಲೆಕ್ಕದ ತಕರಾರು ಇಲ್ಲ, ಪಟ್ಟಿ ಲಗೂ ಆಗತದ.

ಇಲ್ಲಿ ಹೆಸರು ಬಿಟ್ಟುಹೋದದ್ದು ಹೆಂಗಂದ್ರ, ಸಮೀಕ್ಷಾದಾಗ ಗೋವಿನಜೋಳ ಅಂತ ಬರೀಬೇಕಾದಲ್ಲಿ ಬರೀ 'ಜೋಳ' ಅಂತ ಆರಿಸಿದ್ದು. ಆ್ಯಪ್‌ನ್ಯಾಗ ಅದು 'ಮೆಕ್ಕೆಜೋಳ' ಅಂತ ಇರತದ, ನಮ್ಮ ಮಂದಿ ಜೋಳ ನೋಡಿ ಒತ್ತಿಬಿಡತಾರ. ಜೋಳಕ್ಕ ಪರಿಹಾರ ಇರಲಿಲ್ಲ. ನಿಮ್ಮ ಸಂಘದವರು ತಾವ ಸಮೀಕ್ಷಾ ಮಾಡುವಾಗ ಇದನ್ನ ಮೊದಲ ಹೇಳಿಕೊಡ್ರಿ.

---

ಕೌಂಟರ್_ನಂ3:

5ನೇ ಪ್ರಶ್ನೆಗೆ ಉತ್ತರ. ಬ್ಯಾಂಕ್ ಕಡೆಯಿಂದ ನೋಡಿದರೆ ಇದು ತೀರಾ ಮಾಮೂಲಿ ಸಮಸ್ಯೆ.

ಇಂಥ ಪಾವತಿಯಲ್ಲಿ ಸರ್ಕಾರ ಕಳಿಸೋದು ಖಾತೆ ನಂಬರಿಗಲ್ಲ, ಆಧಾರ್ ನಂಬರಿಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ದೇಶದ ಬ್ಯಾಂಕ್ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಪಟ್ಟಿ ಹೇಳುತ್ತೆ, ದುಡ್ಡು ಆ ಬ್ಯಾಂಕಿಗೆ ಹೋಗುತ್ತೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಯಲ್ಲಿ ಯಾವುದಕ್ಕೆ ಜೋಡಿಸಿದ್ದೀರೋ ಅದು. ಅರ್ಜಿ ಜೊತೆ ಕೊಟ್ಟ ಪಾಸ್‌ಬುಕ್ ಒಂದು ಬ್ಯಾಂಕಿನದ್ದು, ದುಡ್ಡು ಬಿದ್ದದ್ದು ಎಂದೋ ಗ್ಯಾಸ್ ಸಬ್ಸಿಡಿಗೆ ತೆಗೆದ ಇನ್ನೊಂದು ಖಾತೆಗೆ. ಪಟ್ಟಿಯಲ್ಲಿ 'ಪಾವತಿ' ಇದ್ದು ಕೈಗೆ ಬರದವರಲ್ಲಿ ಹೆಚ್ಚಿನವರು ಈ ಗುಂಪಿನವರೇ. ಮನೆಯಲ್ಲಿರುವ ಎಲ್ಲಾ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಲಿ. ಎಪಿಬಿಎಸ್, ಎಸಿಎಚ್, ಡಿಬಿಟಿ ಇಂಥ ಅಕ್ಷರಗಳ ಪಕ್ಕ ಮೊತ್ತ ಇರುತ್ತೆ.

ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟು ಕೆವೈಸಿ ಮಾಡಿಸೋದು ಬೇರೆ, ಎನ್‌ಪಿಸಿಐ ಜೋಡಣೆ ಬೇರೆ. ಎರಡನೆಯದಕ್ಕೆ ಪ್ರತ್ಯೇಕ ಒಪ್ಪಿಗೆ ಫಾರಂ ಇದೆ, ಸಹಿ ಹಾಕಿ ಕೊಡಬೇಕು. ಆಗಿದೆಯೋ ಇಲ್ಲವೋ ಅಂತ ಆಧಾರ್ ವೆಬ್‌ಸೈಟ್‌ನಲ್ಲಿ ಓಟಿಪಿ ಹಾಕಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಬ್ಯಾಂಕಿನ ಹೆಸರು, ಸಕ್ರಿಯವೋ ನಿಷ್ಕ್ರಿಯವೋ ಎರಡೂ ಬರುತ್ತೆ.

ದುಡ್ಡು ಹಿಂದಕ್ಕೆ ಹೋಗುವ ಕಾರಣಗಳು: ವರ್ಷಗಟ್ಟಲೆ ವ್ಯವಹಾರ ಇಲ್ಲದೆ ಖಾತೆ ನಿಷ್ಕ್ರಿಯ ಆಗಿರೋದು, ಪೂರ್ತಿ ಕೆವೈಸಿ ಇಲ್ಲದ ಸಣ್ಣ ಖಾತೆ (ಅದಕ್ಕೆ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮೆ ಆಗಬಾರದು ಅನ್ನೋ ಮಿತಿ ಇದೆ), ಖಾತೆದಾರರು ತೀರಿಕೊಂಡಿರೋದು. ಸೊಸೈಟಿಯ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಉಳಿತಾಯ ಖಾತೆ ಈ ವ್ಯವಸ್ಥೆಯೊಳಗೆ ಬರೋದೇ ಇಲ್ಲ.

ಬ್ಯಾಂಕ್ ವಿಲೀನದಿಂದ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿ ಬದಲಾಗಿ ದುಡ್ಡು ನಿಂತಿತು ಅನ್ನೋ ಮಾತು ಎಲ್ಲಾ ಕಡೆ ಇದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಜೊತೆ ಸೇರಿತು, ಹಳೇ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ರದ್ದಾಯಿತು, ಅದೆಲ್ಲ ನಿಜ. ಆದರೆ ಆಧಾರ್ ಮೂಲಕ ಬರುವ ದುಡ್ಡು ಐಎಫ್‌ಎಸ್‌ಸಿಯನ್ನು ನೋಡೋದೇ ಇಲ್ಲ. ಖಾತೆ ನಂಬರಿಗೆ ಕಳಿಸಿದ್ದರೆ ಮಾತ್ರ ಆ ಸಮಸ್ಯೆ.

ಇನ್ನೊಂದು, ಆಧಾರ್ ಜೋಡಣೆ ಬೆಳೆ ಸಾಲದ ಖಾತೆಗೆ ಆಗಿದ್ದರೆ ಪರಿಹಾರ ಅಲ್ಲಿಗೇ ಜಮೆ ಆಗಿ ಸಾಲದ ಬಾಕಿ ಕಮ್ಮಿ ಆಗಿರುತ್ತೆ. ದುಡ್ಡು ಬಂದೇ ಇಲ್ಲ ಅಂತ ರೈತರು ಅಂದುಕೊಂಡಿರ್ತಾರೆ. ಶಾಖೆಯಲ್ಲಿ ಅರ್ಜಿ ಕೊಟ್ಟು ಜೋಡಣೆಯನ್ನು ಉಳಿತಾಯ ಖಾತೆಗೆ ಬದಲಾಯಿಸಿಕೊಳ್ಳಿ.

---

ಚೆಂಡುಹೂ_ಸಂಘ:

ಎಲ್ಲರಿಗೂ ಧನ್ಯವಾದ. ಗೋವಿನಜೋಳದ ವಿಷಯ ಗೊತ್ತೇ ಇರಲಿಲ್ಲ. ಗುತ್ತಿಗೆಯದ್ದು ಉಳಿಯಿತು. ಜೊತೆಗೆ, ತಿರಸ್ಕೃತ ಪಟ್ಟಿಯನ್ನು ಕಾರಣ ಸಹಿತ ಪಡೆಯೋದು ಹೇಗೆ? ಹಳೇ ದುಡ್ಡು ಈಗ ಕೇಳಿದರೆ ಸಿಗುತ್ತಾ?

---

ಪಹಣಿ_ಕಾಲಂ9:

ಹಳೇ ದುಡ್ಡಿನ ಆಸೆ ಬಿಡಿ. ಅದು ಆಯಾ ಆರ್ಥಿಕ ವರ್ಷಕ್ಕೆ ಬಿಡುಗಡೆಯಾದ ಅನುದಾನ, ಮಾರ್ಚ್ 31 ದಾಟಿದರೆ ಉಳಿದದ್ದು ಹಿಂದಕ್ಕೆ. ಪಾವತಿ ವಿಫಲ ಆಗಿದ್ದವರು ಅದೇ ವರ್ಷ ಜೋಡಣೆ ಸರಿಮಾಡಿಸಿಕೊಂಡು ಬೆನ್ನುಹತ್ತಬೇಕಿತ್ತು.

ಗುತ್ತಿಗೆಯ ತೊಡಕು ಕಚೇರಿಯ ಮಟ್ಟದ್ದಲ್ಲ, ಕಾನೂನಿನದ್ದು. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ, ಸೈನಿಕರಂಥ ಕೆಲವರಿಗಷ್ಟೇ ವಿನಾಯಿತಿ. ಹೀಗಾಗಿ ಎಲ್ಲಾ ಬಾಯಿಮಾತಿನ ಕರಾರು. 12ನೇ ಕಾಲಂನಲ್ಲಿ ಉಳುಮೆದಾರರ ಹೆಸರು ಹಾಕಿಸಿದರೆ ನಾಳೆ ಹಕ್ಕು ಕೇಳುತ್ತಾರೆ ಅಂತ ಮಾಲೀಕರಿಗೆ ಭಯ. ಪರಿಹಾರ 9ನೇ ಕಾಲಂನವರಿಗೇ ಹೋಗುತ್ತೆ, ಸಮೀಕ್ಷೆಯ ಫೋಟೊದಲ್ಲಿ ಯಾರೇ ನಿಂತಿರಲಿ. ಟೊಮೆಟೊಗೆ ಬೀಜ, ಕಡ್ಡಿ, ದಾರ, ಔಷಧಿ ಎಲ್ಲಾ ಸುರಿದವರು ಹೊರಗೆ ಉಳಿದರು. ಪ್ಯಾಕೇಜ್‌ನ ದೊಡ್ಡ ಅನ್ಯಾಯ ಅಂದರೆ ಇದೇ. ಸಂಘ ಮಾಡಬಹುದಾದದ್ದು, ಗುತ್ತಿಗೆ ಮಾತಾಡುವಾಗಲೇ 'ಬೆಳೆಗೆ ಸರ್ಕಾರದಿಂದ ಏನೇ ಬಂದರೂ ಬೆಳೆದವರಿಗೆ' ಅಂತ ಹಿರಿಯರ ಮುಂದೆ ಮಾತು ಕಟ್ಟಿಸೋದು. ಕೋರ್ಟಿನಲ್ಲಿ ನಿಲ್ಲೋದಿಲ್ಲ, ಊರಲ್ಲಿ ಕೆಲವೊಮ್ಮೆ ನಿಲ್ಲುತ್ತೆ.

ಪಟ್ಟಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮೂನೆ 'ಎ', ಶುಲ್ಕ 10 ರೂ., ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹೂವಿಗೊಂದು, ತರಕಾರಿಗೊಂದು ಅಂತ ಬೇರೆ ಬೇರೆ ಹಾಕಿ. ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯ ಮಾಹಿತಿ ಅಧಿಕಾರಿಗೆ ವಿಳಾಸ. ಒಕ್ಕಣೆ ಹೀಗಿರಲಿ:

"2020-21ನೇ ಸಾಲಿನಲ್ಲಿ ಕೋವಿಡ್ ಲಾಕ್‌ಡೌನ್ ವಿಶೇಷ ಪ್ಯಾಕೇಜ್ ಅಡಿ ______ ಗ್ರಾಮದ ಹೂ ಬೆಳೆಗಾರರಿಗೆ ಮಂಜೂರಾದ ಪರಿಹಾರದ ಪಟ್ಟಿ (ಸರ್ವೆ ನಂಬರ್, ವಿಸ್ತೀರ್ಣ, ಮೊತ್ತ, ಪಾವತಿ ಸ್ಥಿತಿ) ಹಾಗೂ ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು ಕಾರಣ ಸಹಿತ ದೃಢೀಕೃತ ಪ್ರತಿಯಲ್ಲಿ ಒದಗಿಸುವುದು."

ಬ್ಯಾಂಕ್ ಖಾತೆ, ಆಧಾರ್ ವಿವರ ಕೇಳಬೇಡಿ. ವೈಯಕ್ತಿಕ ಮಾಹಿತಿ ಅಂತ ಇಡೀ ಅರ್ಜಿಯನ್ನೇ ಪಕ್ಕಕ್ಕಿಡಲು ಅದೊಂದು ನೆಪ ಸಾಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಗೋವಿನಜೋಳದ್ದಾದರೆ ಕೃಷಿ ಇಲಾಖೆಗೆ ಹಾಕಬೇಕು, ತೋಟಗಾರಿಕೆಗಲ್ಲ.

---

ಕೌಂಟರ್_ನಂ3:

ಪಟ್ಟಿ ಕೈಗೆ ಬಂದ ಮೇಲೆ 'ಪಾವತಿ ಸ್ಥಿತಿ' ಕಾಲಂನಲ್ಲಿ 'ಆಧಾರ್ ಜೋಡಣೆ ಇಲ್ಲ', 'ಖಾತೆ ನಿಷ್ಕ್ರಿಯ' ಅಂತಿರುವವರನ್ನು ಮೊದಲು ಬೇರೆ ಮಾಡಿ ಬ್ಯಾಂಕಿಗೆ ಕಳಿಸಿ. ಹತ್ತು ಹದಿನೈದು ಜನರ ಒಪ್ಪಿಗೆ ಫಾರಂ ಒಟ್ಟಿಗೆ ತುಂಬಿಸಿಕೊಂಡು, ತಿಂಗಳ ಮೊದಲ ವಾರ ಬಿಟ್ಟು ಮಧ್ಯಾಹ್ನದ ಮೇಲೆ ಬನ್ನಿ. ಪಿಂಚಣಿ ಗದ್ದಲ ಇರೋದಿಲ್ಲ, ಒಂದೇ ಸಲಕ್ಕೆ ಕೆಲಸ ಆಗುತ್ತೆ.